ಗೋಮಸೂರಿಕೆಯ ಕೂಟಗ್ರಂಥವೂ ಮೈಸೂರು ಅರಸಿಯ ಚಿತ್ರವೂ

ನಮ್ಮ ಸಂಘದ ಸಭೆಗಳಲ್ಲಿ ವೈದ್ಯವಿಷಯಕವಾದ ಉಪನ್ಯಾಸ ನಡೆದಾಗಲೆಲ್ಲ ಒಂದು ಮಾತು ತಪ್ಪದೆ ಬರುವುದುಂಟು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನಿಗಿಂತ ಶತಮಾನಗಳಷ್ಟು ಮೊದಲೇ ನಮ್ಮ ಪೂರ್ವಿಕರು ಹಸುವಿನ ಕೆಚ್ಚಲಿನ ಬೊಕ್ಕೆಯಿಂದ ರಸವನ್ನು ತೆಗೆದು ಮಕ್ಕಳ ತೋಳಿಗೆ ಹಾಕಿ ಸಿಡುಬನ್ನು ತಡೆಯುತ್ತಿದ್ದರು, ಧನ್ವಂತರಿಯ ಗ್ರಂಥವೊಂದರಲ್ಲಿ ಅದಕ್ಕೆ ಸ್ಪಷ್ಟವಾದ ಆಧಾರವಿದೆ ಎಂಬುದೇ ಆ ಮಾತು. ಕೆಲವು ವರ್ಷಗಳ ಕೆಳಗೆ ಇದನ್ನು ನಾನೂ ನಮ್ಮ ವೇದಿಕೆಯಿಂದ ಆಡಿದ್ದೆ. ಸಭಿಕರು ಮೆಚ್ಚಿ ಕೈತಟ್ಟಿದರು. ಸಭೆ ಮುಗಿದ ಮೇಲೆ ಹಿರಿಯರೊಬ್ಬರು ಮೆಲ್ಲನೆ ಬಳಿಗೆ ಬಂದು, "ಆ ಗ್ರಂಥದ ಹೆಸರೇನು? ಅದರ ಹಸ್ತಪ್ರತಿ ಎಲ್ಲಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ದಿನಬೆಳಗಾದರೆ ಪರರ ರುಜುಗಳನ್ನು ತಾಳೆ ನೋಡಿ, ಸಂಶಯ ಬಂದ ಕಾಗದವನ್ನು ಹಿಂದಕ್ಕೆ ಕಳುಹಿಸುವ ವೃತ್ತಿಯವನು ನಾನು. ಅಂಥವನು ಈ ಒಂದು ಕಾಗದವನ್ನು ಮಾತ್ರ ನೋಡದೆಯೇ ಹಣ ಎಣಿಸಿಕೊಟ್ಟಿದ್ದೆ. ಆ ಲಜ್ಜೆಯೇ ಪ್ರಕೃತ ಲೇಖನಕ್ಕೆ ಮೂಲ.

ಮೊದಲು ಎರಡು ಬೇರೆ ಬೇರೆ ಪದ್ಧತಿಗಳನ್ನು ವಿಂಗಡಿಸಿಕೊಳ್ಳಬೇಕು. ಇವನ್ನು ಬೆರೆಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಸಿಡುಬು ಬಂದ ಮನುಷ್ಯನ ಬೊಕ್ಕೆಯ ಕೀವನ್ನೋ ಒಣಗಿದ ಹಕ್ಕಳೆಯನ್ನೋ ತೆಗೆದು ಆರೋಗ್ಯವಂತನ ಚರ್ಮಕ್ಕೆ ಚುಚ್ಚಿ, ಸೌಮ್ಯರೂಪದಲ್ಲಿ ಅದೇ ರೋಗವನ್ನು ಬರಿಸುವುದು ಒಂದು ಪದ್ಧತಿ. ಹಸುವಿನ ಬೇರೊಂದು ರೋಗದ ರಸವನ್ನು ಮನುಷ್ಯನಿಗೆ ಹಾಕಿ ಸಿಡುಬು ಬಾರದಂತೆ ಮಾಡುವುದು ಇನ್ನೊಂದು. ಮೊದಲನೆಯದು ಭಾರತದಲ್ಲಿ ಜೆನ್ನರನಿಗಿಂತ ಹಿಂದೆಯೇ ಇತ್ತೆಂಬುದರಲ್ಲಿ ಯಾವ ಸಂದೇಹವೂ ಇಲ್ಲ. ಬಂಗಾಳದಲ್ಲಿದ್ದ ಹಾಲ್‌ವೆಲ್ ಎಂಬ ಆಂಗ್ಲನು ೧೭೬೭ರಲ್ಲಿ ಅದನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ವರ್ಷಕ್ಕೊಮ್ಮೆ, ಸಿಡುಬಿನ ಕಾಲ ಆರಂಭವಾಗುವುದಕ್ಕೆ ಮುನ್ನ, ಬ್ರಾಹ್ಮಣರು ಊರೂರಿಗೆ ಬಂದು ಹಿಂದಿನ ವರ್ಷ ಕೂಡಿಟ್ಟ ಕೀವನ್ನು ಮಕ್ಕಳ ಕೈಗೆ ಹಾಕುತ್ತಿದ್ದ ಕ್ರಮವನ್ನು, ಪಥ್ಯವನ್ನು, ತಣ್ಣೀರಿನ ಉಪಚಾರವನ್ನು ಆತನು ಬಹು ಆದರದಿಂದ ವರ್ಣಿಸಿದ್ದಾನೆ. ಆ ಕಸುಬಿನವರಿಗೆ ಟೀಕಾದಾರರೆಂದು ಹೆಸರು. ಇಂದು ಉತ್ತರದ ಭಾಷೆಗಳಲ್ಲಿ ಲಸಿಕೆಗೆ ಇರುವ ಟೀಕಾ ಎಂಬ ಪದ ಅವರಿಂದಲೇ ಉಳಿದುಬಂದದ್ದು. ದಕ್ಷಿಣದಲ್ಲಿ ಈ ಪದ್ಧತಿ ಅಷ್ಟಾಗಿ ಬೇರೂರಿರಲಿಲ್ಲ. ಅದರಲ್ಲಿ ಅಪಾಯವೂ ಇತ್ತು. ಹಾಕಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುವುದುಂಟು. ಅದಕ್ಕಿಂತ ಮಿಗಿಲಾಗಿ, ಬಂದುದು ನಿಜವಾದ ಸಿಡುಬೇ ಆದುದರಿಂದ ಅದು ನೆರೆಯವರಿಗೆ ಹರಡುತ್ತಿತ್ತು. ಆದರೂ ತಾನಾಗಿ ಬಂದ ಸಿಡುಬಿನಿಂದ ಐವರಲ್ಲೋ ನಾಲ್ವರಲ್ಲೋ ಒಬ್ಬರು ಸಾಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಈ ಕೀರ್ತಿ ನಮ್ಮದು. ಇದಕ್ಕೆ ಕೂಟಸಾಕ್ಷಿಯ ಅಗತ್ಯವಿಲ್ಲ.

ಆದರೆ ಹಸುವಿನ ಮಾತು ಬೇರೆ. ಚರಕ ಸುಶ್ರುತರಲ್ಲಿ ಮಸೂರಿಕೆಯ ಉಲ್ಲೇಖವಿದೆ. ಮಾಧವನಿದಾನದಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಶೀತಲಾದೇವಿಯ ಪ್ರಸ್ತಾಪವೂ ಬರುತ್ತದೆ. ಲಕ್ಷಣ, ಸಾಧ್ಯಾಸಾಧ್ಯ ವಿಚಾರ, ಬೇವು, ಲೇಪ, ಸ್ತೋತ್ರ ಎಲ್ಲವೂ ಉಂಟು. ಹಸುವಿನ ಕೆಚ್ಚಲಿನ ಬೊಕ್ಕೆ ಮಾತ್ರ ಎಲ್ಲಿಯೂ ಇಲ್ಲ.

ಜೆನ್ನರನ ವೃತ್ತಾಂತ ವಾಚಕರಿಗೆ ಸುಪರಿಚಿತವಾದುದು. ೧೭೯೬ನೆಯ ಇಸವಿ ಮೇ ೧೪ರಂದು ಆತನು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಣ್ಣಿನ ಕೈಯ ಬೊಕ್ಕೆಯಿಂದ ರಸ ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನಿಗೆ ಹಾಕಿದನು. ಜುಲೈ ತಿಂಗಳಲ್ಲಿ ಅದೇ ಬಾಲಕನಿಗೆ ನಿಜವಾದ ಸಿಡುಬಿನ ಕೀವನ್ನು ಚುಚ್ಚಿ, ರೋಗ ಬಾರದುದನ್ನು ಕಂಡನು. ೧೭೯೮ರಲ್ಲಿ ಗ್ರಂಥ ಪ್ರಕಟಿಸಿದನು. ಅದೇ ೧೭೯೬ರ ಏಪ್ರಿಲಿನಲ್ಲಿ, ಎಂದರೆ ಜೆನ್ನರನ ಪ್ರಯೋಗಕ್ಕೆ ಒಂದು ತಿಂಗಳೂ ಇಲ್ಲದಿರುವಾಗ, ಶ್ರೀರಂಗಪಟ್ಟಣದಲ್ಲಿ ಟೀಪೂ ಸುಲ್ತಾನನ ಕಾವಲಿನಲ್ಲಿದ್ದ ಖಾಸಾ ಚಾಮರಾಜ ಒಡೆಯರು ಸಿಡುಬಿನಿಂದ ತೀರಿಕೊಂಡರು. ಇಪ್ಪತ್ತೆರಡರ ಹರೆಯ. ಅವರು ಬಿಟ್ಟುಹೋದ ಎರಡು ವರ್ಷದ ಶಿಶುವೇ ೧೭೯೯ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜರು. ಮೈಸೂರು ಅರಮನೆ ಮುಂದೆ ಈ ಹೊಸ ಚಿಕಿತ್ಸೆಗೆ ಬಾಗಿಲು ತೆರೆದುದೇಕೆಂದು ಕೇಳುವವರು ಈ ಮರಣವನ್ನು ಮರೆಯಲಾಗದು.

ಇನ್ನು ಆ ರಸ ಭಾರತಕ್ಕೆ ಬಂದ ಬಗೆ. ನೌಕಾಮಾರ್ಗವಾಗಿ ಕಳುಹಿಸಿದುದೆಲ್ಲ ಬಿಸಿಲಿಗೂ ತಿಂಗಳುಗಟ್ಟಲೆಯ ಪ್ರಯಾಣಕ್ಕೂ ಸಿಕ್ಕಿ ಸತ್ತ್ವ ಕಳೆದುಕೊಂಡಿತು. ಆಗ ವಿಯೆನ್ನಾದ ವೈದ್ಯ ದ ಕಾರೋ ಎಂಬಾತನು ರಸದಲ್ಲಿ ಅದ್ದಿದ ನಾರನ್ನು ಗಾಜಿನ ಎರಡು ಬಿಲ್ಲೆಗಳ ನಡುವೆ ಇರಿಸಿ ಮೇಣದಿಂದ ಮುಚ್ಚಿ ಭೂಮಾರ್ಗವಾಗಿ ಕಳುಹಿಸುವ ಉಪಾಯ ಹೂಡಿದನು. ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ. ನಡುನಡುವೆ ಮನುಷ್ಯರ ತೋಳುಗಳಲ್ಲಿ ಮತ್ತೆ ಹೊಸದಾಗಿ ಬೆಳೆಸಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ೧೮೦೨ನೆಯ ಇಸವಿ ಜೂನ್ ೧೪ರಂದು ಈ ನಮ್ಮ ನಗರದಲ್ಲಿ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಹೆಣ್ಣುಮಗುವಿನ ತೋಳಿನಲ್ಲಿ ಅದು ಮೊದಲ ಬಾರಿಗೆ ಫಲಿಸಿತು. ಮಗು ಬಹಳ ಸಾಧುಸ್ವಭಾವದ್ದೆಂದು ವೈದ್ಯನು ಬರೆದಿಟ್ಟಿದ್ದಾನೆ. ಅನಂತರದ ವಾರದಲ್ಲಿ ಆಕೆಯ ತೋಳಿನಿಂದ ತೆಗೆದ ರಸವನ್ನು ಬೇರೆ ಐದು ಮಕ್ಕಳಿಗೆ ಹಾಕಿದರು. ಆ ಐವರಿಂದ ಮುಂದೆ ಮದರಾಸು, ಹೈದರಾಬಾದು, ಕಲ್ಕತ್ತೆಗಳವರೆಗೂ ಸರಪಳಿ ಬೆಳೆಯಿತು. ಈ ಮಹಾನಗರದಲ್ಲಿ ರಾಜ್ಯಪಾಲರಿಗೂ ವರ್ತಕರಿಗೂ ಶಿಲಾಪ್ರತಿಮೆಗಳು ಎದ್ದವು. ಇಡೀ ಉಪಖಂಡಕ್ಕೆ ತೋಳು ಕೊಟ್ಟ ಈ ಬಾಲಿಕೆಯ ವಿಷಯದಲ್ಲಿ ಆ ಒಂದು ವಾರದ ವೃತ್ತಾಂತವಲ್ಲದೆ ಹೆಚ್ಚಿನದೇನೂ ಪ್ರಚಾರದಲ್ಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿಸ್ತರಿಸಿ ಹೇಳಬೇಕಾಗಿದೆ. ಇಂದು ಸೀಸೆಯಲ್ಲಿ ತುಂಬಿ ತಂಪಿನ ಪೆಟ್ಟಿಗೆಯಲ್ಲಿ ಬರುವ ಲಸಿಕೆಯನ್ನು ಮಾತ್ರ ಕಂಡವರಿಗೆ ಆ ಕಾಲದ ಪದ್ಧತಿಯ ಕಷ್ಟ ಹೊಳೆಯುವುದಿಲ್ಲ. ಅಂದು ಸೀಸೆಯೆಂದರೆ ಮಗುವಿನ ತೋಳೇ. ರಸ ಹಾಕಿದ ಸುಮಾರು ಎಂಟನೆಯ ದಿನಕ್ಕೆ ಬೊಕ್ಕೆ ಮಾಗುತ್ತದೆ. ಅಂದೇ ಇನ್ನೊಂದು ಮಗು ಸಿದ್ಧವಾಗಿರಬೇಕು. ತಪ್ಪಿದರೆ ರಸ ಕೆಟ್ಟು ಸರಪಳಿ ಕಡಿಯುತ್ತದೆ. ಸರಪಳಿ ಒಂದೇ ಎಂದು ಭಾವಿಸಿ ಲೆಕ್ಕ ಹಾಕಿದರೆ, ೧೮೦೨ರ ಜೂನಿನಿಂದ ೧೮೦೬ರ ಜುಲೈವರೆಗೆ ಕಡಿಮೆಯೆಂದರೂ ನೂರೆಂಬತ್ತು ಕೊಂಡಿಗಳು ಒಂದಾದ ಮೇಲೊಂದು ಕೂಡಬೇಕು. ಪ್ರತಿಯೊಂದು ಕೊಂಡಿಯೂ ಒಂದು ಮಗು. ಸ್ಪೇನಿನ ಅರಸನು ೧೮೦೩ರಲ್ಲಿ ಬಾಲ್ಮಿಸ್ ಎಂಬ ವೈದ್ಯನ ಸಂಗಡ ಈ ರಸವನ್ನು ಅಮೆರಿಕಾ ಖಂಡಕ್ಕೆ ಕಳುಹಿಸುವಾಗ ಹಡಗಿನಲ್ಲಿ ಇಪ್ಪತ್ತೆರಡು ಅನಾಥ ಬಾಲಕರನ್ನು ಕೂರಿಸಿದನು; ಒಂದು ತೋಳಿನಿಂದ ಇನ್ನೊಂದು ತೋಳಿಗೆ ರಸ ದಾಟಿಸುತ್ತ ಸಮುದ್ರ ದಾಟಿದರು. ಭಾರತದಲ್ಲಿಯೂ ಮೊದಲ ಕೊಂಡಿಗಳು ಬಹುಪಾಲು ಬಡವರ ಮಕ್ಕಳೇ. ಮಾಗಿದ ಬೊಕ್ಕೆಯನ್ನು ಮತ್ತೆ ಸೂಜಿಯಿಂದ ಕೀಳುವಾಗ ಮಗು ಅಳುತ್ತಿತ್ತು. ತಾಯಂದಿರು ಎಂಟನೆಯ ದಿನ ಮಗುವನ್ನು ಬಚ್ಚಿಡುತ್ತಿದ್ದರು. ಇದನ್ನು ಕೇವಲ ಮೌಢ್ಯವೆಂದು ಬರೆದ ಕಂಪೆನಿಯ ಅಧಿಕಾರಿಗಳ ಮಾತನ್ನು ನಾವು ಹಾಗೆಯೇ ಒಪ್ಪಬೇಕಾಗಿಲ್ಲ. ಯಾರ ಮಗುವಿನ ಮೈಯ ರಸ ಯಾರ ಮಗುವಿನ ಮೈಗೆ ಸೇರಿತು ಎಂಬ ಜಾತಿಯ ಶಂಕೆಯೂ ಅದರಲ್ಲಿ ಬೆರೆತಿತ್ತೆಂಬುದು ನಿಜ. ಅದರೊಡನೆ ಬೇರೆ ರೋಗಗಳೂ ಆ ರಸದೊಂದಿಗೆ ದಾಟಬಲ್ಲವು ಎಂಬುದೂ ನಿಜವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುವಿನ ಮೈಯಲ್ಲಿ ರಸ ಬೆಳೆಸುವ ಪದ್ಧತಿ ರೂಢಿಗೆ ಬಂದಮೇಲೆಯೇ ಈ ತೊಡಕು ಕಳೆದುದು.

ಲಸಿಕೆ ಎಂಬ ನಮ್ಮ ಪದವೂ ಈ ಕಥೆಯನ್ನೇ ಹೇಳುತ್ತದೆ. ಆಯುರ್ವೇದದಲ್ಲಿ ಲಸಿಕೆಯೆಂದರೆ ಚರ್ಮದ ಅಡಿಯ ತಿಳಿರಸ. ಮರಾಠಿಯ ಲಸ ಎಂಬುದೂ ಅದೇ. ಇಂಗ್ಲಿಷಿನ ವ್ಯಾಕ್ಸೀನ್ ಎಂಬ ಪದ ಹಸುವನ್ನು ನೆನೆದರೆ ನಮ್ಮದು ತೋಳಿನ ರಸವನ್ನು ನೆನೆಯುತ್ತದೆ. ಹಳ್ಳಿಗರ ಮಾತಾದರೋ ಇನ್ನೂ ಹಿರಿದು. ಉತ್ತರ ಕರ್ನಾಟಕದಲ್ಲಿ ಸಿಡುಬಿಗೂ ದೇವಿಯೆಂದೇ ಹೆಸರು, ಅದನ್ನು ತಡೆಯುವ ಚಿಕಿತ್ಸೆಗೂ ದೇವಿ ಹಾಕುವುದೆಂದೇ ಹೆಸರು. ಹಳೆಯ ಮೈಸೂರಿನ ಕಡೆ ಮೈಲಿ ಹಾಕುವುದು. ಬರುವವಳೂ ದೇವಿ, ಹಾಕಿಸಿಕೊಳ್ಳುವುದೂ ದೇವಿ. ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದ ನನ್ನ ತಾಯಿಯ ತೋಳಿನ ಮೇಲೆ ದುಡ್ಡಿನಗಲದ ಎರಡು ಕಲೆಗಳಿವೆ. ಆ ರಸ ಬಹುಶಃ ಬೆಳಗಾವಿಯದು. ಮುಂಬಯಿ ಪ್ರಾಂತಕ್ಕೆ ಬೇಕಾದ ಸಿಡುಬಿನ ರಸವನ್ನು ಇಪ್ಪತ್ತನೆಯ ಶತಮಾನದ ಆರಂಭಕಾಲದಿಂದ ಅಲ್ಲಿನ ವ್ಯಾಕ್ಸೀನ್ ಸಂಸ್ಥೆಯಲ್ಲಿ ಸಿದ್ಧಪಡಿಸುತ್ತಿದ್ದರು. ನನ್ನ ತೋಳಿನಲ್ಲಿ ಆ ಕಲೆಗಳಿಲ್ಲ. ೧೯೭೫ರ ಮೇ ತಿಂಗಳಿನ ಅನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ; ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ತೊಲಗಿತೆಂದು ಸಾರಿತು.

ಮೈಸೂರಿಗೆ ಬರೋಣ. ಅಲ್ಲಿ ಈ ಚಿಕಿತ್ಸೆಯನ್ನು ಊರೂರಿಗೆ ಒಯ್ದವರಲ್ಲಿ ಮೊದಲು ಹೇಳತಕ್ಕವನು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ನಮ್ಮವರ ನಡುವೆ ಬಾಳಿದ ಈತನು ೧೮೦೩-೦೪ರ ಸುಮಾರಿನಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನರಿಗೆ ದೇವಿ ಹಾಕಿಸಿದನೆಂದು ಹೇಳಿಕೆಯಿದೆ. ಹಿಂದೂಗಳ ಆಚಾರವ್ಯವಹಾರಗಳ ಮೇಲೆ ಆತನು ಬರೆದನೆಂಬ ಪ್ರಖ್ಯಾತ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ವಿಲ್ಕ್ಸ್ ಮೆಚ್ಚಿ ಕಂಪೆನಿಗೆ ಕೊಡಿಸಿದನು. ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಜೆಸ್ಯೂಟ್ ಪಾದ್ರಿಯ ಬರಹವೆಂದು ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟಿದ್ದಾರೆ. ಎರವಲು ಪುಸ್ತಕಕ್ಕೆ ಆತನ ಹೆಸರು ಉಳಿಯಿತು; ಸ್ವಂತ ಕಾಲಿನಲ್ಲಿ ನಡೆದು ಮಾಡಿದ ಕೆಲಸಕ್ಕೆ ಉಳಿಯಲಿಲ್ಲ.

ಅರಮನೆಯ ಸಂಗತಿ ಇದಕ್ಕಿಂತ ಕುತೂಹಲಕರವಾದುದು. ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರನು ೧೮೦೫ರ ಸುಮಾರಿಗೆ ಬರೆದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಲಗಡೆಯವಳು ಸೆರಗನ್ನು ಸರಿಸಿ ಎಡತೋಳನ್ನು ತೋರಿಸುತ್ತಿದ್ದಾಳೆ. ಇವರು ನರ್ತಕಿಯರೆಂದು ಬಹುಕಾಲ ನಂಬಿದ್ದರು. ನೈಜಲ್ ಚಾನ್ಸೆಲರ್ ಎಂಬ ಇತಿಹಾಸಕಾರನು ೨೦೦೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇವರು ಮೈಸೂರಿನ ಅರಮನೆಯವರು, ತೋಳು ತೋರುವವಳು ಮುಮ್ಮಡಿಯವರ ಕಿರಿಯ ರಾಣಿ ದೇವಾಜಮ್ಮಣ್ಣಿ, ಆಕೆ ತೋರುತ್ತಿರುವುದು ದೇವಿ ಹಾಕಿಸಿಕೊಂಡ ಸ್ಥಾನ ಎಂದು ವಾದಿಸಿದನು. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಆಕೆಯ ಮೂಗು ಬಾಯಿಗಳ ಸುತ್ತ ಕಾಣುವ ಮಾಸಲು ಬಣ್ಣ ಹಳೆಯ ಪದ್ಧತಿಯ ಕುರುಹು ಎಂದೂ, ನಡುವಿನವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರೆಂದೂ ಆತನ ಊಹೆ. ಕನ್ನಡಿಗನಾದ ನನಗೆ ಇದು ನಿಜವಾಗಿರಲೆಂಬ ಆಸೆ ಸಹಜವಾಗಿಯೇ ಇದೆ. ಆಸೆ ಇರುವ ಕಡೆಯೇ ಹೆಚ್ಚು ಎಚ್ಚರ ಬೇಕು. ಚಿತ್ರದ ಮೇಲೆ ಹೆಸರುಗಳಿಲ್ಲ. ತೋಳಿನ ಮೇಲೆ ಕಲೆಯನ್ನು ಬರೆದಿಲ್ಲ. ಒಡವೆ, ಉಡುಗೆ, ಭಂಗಿಗಳಿಂದ ಕಟ್ಟಿದ ಅನುಮಾನವಿದು. ಆದರೆ ಆಧಾರ ಅಷ್ಟೇ ಅಲ್ಲ. ದೇವಾಜಮ್ಮಣ್ಣಿಯವರು ಹಾಕಿಸಿಕೊಂಡುದರಿಂದ ಜನರು ಮುಂದೆ ಬರಲು ಅನುಕೂಲವಾಯಿತೆಂದು ೧೮೦೬ರ ಜುಲೈ ತಿಂಗಳ ಸರಕಾರಿ ಕಾಗದವೊಂದು ಹೇಳುತ್ತದೆ. ಕಾಗದ ಚಿತ್ರಕ್ಕಿಂತ ಅನಂತರದ್ದು, ನಡೆದುಹೋದುದನ್ನು ವರದಿ ಮಾಡುವಂಥದು. ಆದುದರಿಂದ ಎರಡಕ್ಕೂ ವಿರೋಧವಿಲ್ಲ. ರಾಣಿ ಹಾಕಿಸಿಕೊಂಡುದು ಸಿದ್ಧ, ಚಿತ್ರದಲ್ಲಿರುವವಳು ಆಕೆಯೇ ಎಂಬುದು ಸಂಭಾವ್ಯ ಎಂದು ನಾನು ಬೇರೆ ಬೇರೆ ಖಾತೆಗಳಲ್ಲಿ ಬರೆದುಕೊಂಡಿದ್ದೇನೆ. ರಾಣಿಯೆಂದ ಮಾತ್ರಕ್ಕೆ ಪ್ರೌಢೆಯೆಂದು ತಿಳಿಯಬಾರದು. ಅರಸರಿಗೆ ಆಗ ಹನ್ನೊಂದು ಹನ್ನೆರಡರ ವಯಸ್ಸು, ಆಕೆಗೂ ಸುಮಾರಾಗಿ ಅಷ್ಟೆ. ಮುಂಬಯಿಯ ಅನ್ನಾಳಂತೆ ಈಕೆಯೂ ಒಂದು ಮಗುವೇ.

ಈಗ ಧನ್ವಂತರಿಯ ಗ್ರಂಥ. ೧೮೧೯ರ ಜನವರಿಯಲ್ಲಿ ಮದರಾಸ್ ಕೊರಿಯರ್ ಎಂಬ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಬರೆದವನು ತನ್ನ ನಿಜನಾಮವನ್ನು ಮರೆಸಿ, ವಿದ್ಯೆಯನ್ನು ಬಯಸುವವನು ಎಂಬರ್ಥದ ತಮಿಳು ಹೆಸರಿಟ್ಟುಕೊಂಡಿದ್ದನು. ಶಾಕ್ತೇಯ ಗ್ರಂಥವೆಂಬ, ಧನ್ವಂತರಿಯದೆನ್ನಲಾದ ಪುಸ್ತಕದಲ್ಲಿ ಹಸುವಿನ ಕೆಚ್ಚಲಿನ ಬೊಕ್ಕೆಯಿಂದಾಗಲಿ, ಮನುಷ್ಯನ ಹೆಗಲಿಗೂ ಮೊಳಕೈಗೂ ನಡುವಣ ಬೊಕ್ಕೆಯಿಂದಾಗಲಿ ರಸ ತೆಗೆದು, ಶಸ್ತ್ರದ ಮೊನೆಯಿಂದ ಅದೇ ಸ್ಥಾನದಲ್ಲಿ ರಕ್ತ ಕಾಣುವಂತೆ ಚುಚ್ಚಿ ಬೆರೆಸಬೇಕೆಂದು ಹೇಳಿದೆ ಎಂಬುದು ಪತ್ರದ ಸಾರ. ಇದು ಯೂರೋಪಿನ ವೈದ್ಯಕೋಶಗಳಿಗೆ ಹೋಯಿತು; ಅಲ್ಲಿಂದ ತಿರುಗಿ ನಮ್ಮ ದೇಶಾಭಿಮಾನಿಗಳ ಕೈ ಸೇರಿತು. ೧೯೦೫ರಲ್ಲಿ ಗಿಂಡಿಯ ಕಿಂಗ್ ಸಂಸ್ಥೆಯನ್ನು ತೆರೆಯುವ ಸಮಾರಂಭದಲ್ಲಿ ಮದರಾಸಿನ ರಾಜ್ಯಪಾಲ ಲಾರ್ಡ್ ಆಂಪ್ಟ್‌ಹಿಲ್‌ನೇ ಇದನ್ನು ಪ್ರಮಾಣವೆಂಬಂತೆ ಉದಾಹರಿಸಿದನು. ಪರಕೀಯನ ಬಾಯಿಂದ ಬಂದ ಹೊಗಳಿಕೆ ನಮಗೆ ದುಪ್ಪಟ್ಟು ರುಚಿಸುತ್ತದೆ. ನಾನೂ ಆ ಸಾಲಿನಿಂದಲೇ ಎತ್ತಿದ್ದೆ.

ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣುವುದು ಬೇರೆ. ಜೆನ್ನರನ ಮಿತ್ರ ಜಾನ್ ಬ್ಯಾರನ್ ೧೮೨೭ರಲ್ಲಿ ಪ್ರಕಟಿಸಿದ ಜೆನ್ನರನ ಜೀವನಚರಿತ್ರೆಯಲ್ಲಿ ಸಂಕೋಚವಿಲ್ಲದೆ ಹೇಳುವುದೇನೆಂದರೆ, ಮದರಾಸಿನ ಎಲ್ಲಿಸ್ ಎಂಬ ಸಂಸ್ಕೃತಜ್ಞನು ಗೋರಸದ ವಿಷಯವಾಗಿ ತಾನೇ ಸಂಸ್ಕೃತದಲ್ಲಿ ಒಂದು ಪದ್ಯಕೃತಿಯನ್ನು ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಅದು ಎಲ್ಲಿಯೋ ದೊರೆತುದೆಂದು ಪ್ರಚಾರಪಡಿಸಿದನು. ಗೋವಿನಿಂದ ಬಂದ ಚಿಕಿತ್ಸೆ ತಮ್ಮ ಶಾಸ್ತ್ರದ್ದೇ ಎಂದು ಬ್ರಾಹ್ಮಣರು ನಂಬಲೆಂಬುದು ಉದ್ದೇಶ. ಮದರಾಸಿನ ವೈದ್ಯ ಆಂಡರ್ಸನ್ನನೂ ಇದೇ ಉಪಾಯ ಹೂಡಿದ್ದನೆಂಬ ಮಾತುಂಟು. ಡೊಮಿನಿಕ್ ವುಯಸ್ತಿಕ್ ಎಂಬ ವಿದ್ವಾಂಸನು ೧೯೮೭ರ ಲೇಖನದಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ ಪರೀಕ್ಷಿಸಿ, ಇದೊಂದು ಸದುದ್ದೇಶದ ವಂಚನೆಯೆಂದು ತೀರ್ಮಾನಿಸಿದ್ದಾನೆ. ಬ್ಯಾರನ್ನನ ಮಾತನ್ನು ಪಕ್ಕಕ್ಕಿಟ್ಟರೂ ಅಂತಸ್ಸಾಕ್ಷ್ಯವೇ ಸಾಕು. ಪತ್ರದಲ್ಲಿರುವ ತೋಳಿನ ಸ್ಥಾನ, ಶಸ್ತ್ರದ ಮೊನೆ, ರಸ ರಕ್ತಗಳ ಮಿಶ್ರಣ ಎಲ್ಲವೂ ಜೆನ್ನರನ ಅನುಯಾಯಿಗಳ ಕೈಪಿಡಿಯ ಪ್ರತಿಬಿಂಬ. ನಮ್ಮ ವೈದ್ಯಗ್ರಂಥಗಳಲ್ಲಿ ಒಂದು ಯೋಗವಿದ್ದರೆ ಹತ್ತು ಟೀಕೆಗಳು, ಸಂಗ್ರಹಗಳು ಅದನ್ನು ಎತ್ತಿಕೊಳ್ಳುವುದು ರೂಢಿ. ಇದನ್ನು ಒಬ್ಬನೂ ಎತ್ತಿಲ್ಲ. ಇದಲ್ಲದೆ, ಈ ವಿದ್ಯೆ ಮೊದಲೇ ಇದ್ದಿದ್ದರೆ ೧೮೦೨ರ ಅನಂತರ ಜನರನ್ನು ಒಪ್ಪಿಸಲು ಶ್ಲೋಕ ಕಟ್ಟುವ ಪ್ರಮೇಯವೇ ಒದಗುತ್ತಿರಲಿಲ್ಲ.

ಎಲ್ಲಿಸನು ಸಾಮಾನ್ಯನಲ್ಲ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಒಂದು ಕುಲಕ್ಕೆ ಸೇರಿದವು ಎಂಬುದನ್ನು ೧೮೧೬ರಲ್ಲಿ, ಕಾಲ್ಡ್‌ವೆಲ್ಲನಿಗಿಂತ ನಾಲ್ವತ್ತು ವರ್ಷ ಮೊದಲೇ, ಆಧಾರಸಹಿತವಾಗಿ ಸಿದ್ಧಪಡಿಸಿದವನು ಆತನೇ. ಪುದುಚೇರಿಯಲ್ಲಿ ದೊರೆತ ಎಜುರ್ವೇದಂ ಎಂಬ ಕೃತಿ ಪಾದ್ರಿಗಳು ಕಟ್ಟಿದ ಸುಳ್ಳುವೇದವೆಂದು ಬಯಲಿಗೆಳೆದವನೂ ಆತನೇ. ಒಂದು ಕೈಯಿಂದ ಕೂಟವೇದವನ್ನು ಹಿಡಿದುಕೊಟ್ಟವನು ಇನ್ನೊಂದು ಕೈಯಿಂದ ಕೂಟಶಾಸ್ತ್ರವನ್ನು ಬರೆದನು. ಮಕ್ಕಳು ಸಾಯುತ್ತಿದ್ದರು, ತಾಯಂದಿರು ನಂಬುತ್ತಿರಲಿಲ್ಲ, ಒಂದು ಸುಳ್ಳು ಶ್ಲೋಕದಿಂದ ನೂರು ಮಕ್ಕಳು ಉಳಿದಾವೆಂದು ಆತನು ಎಣಿಸಿದ್ದರೆ ಅದನ್ನು ಸುಲಭವಾಗಿ ತಳ್ಳಿಹಾಕಲು ನನ್ನಿಂದಾಗದು. ಆದರೆ ಆ ಶ್ಲೋಕವನ್ನು ಓದಿ ತೋಳೊಡ್ಡಿದವರು ಯಾರೆಂಬುದಕ್ಕೆ ನಾನು ಸಾಕ್ಷ್ಯವನ್ನು ಕಂಡಿಲ್ಲ. ಮೈಸೂರಿನಲ್ಲಿ ಜನರನ್ನು ಮುಂದೆ ತಂದುದು ಶ್ಲೋಕವಲ್ಲ, ಅವರದೇ ಅರಮನೆಯ ಹುಡುಗಿಯೊಬ್ಬಳ ತೋಳು. ಮೇಲಾಗಿ ಸುಳ್ಳಿಗೆ ಆಯುಷ್ಯ ದೀರ್ಘ. ಎಲ್ಲಿಸನು ೧೮೧೯ರಲ್ಲಿಯೇ ತೀರಿಕೊಂಡನು, ಸಿಡುಬೂ ತೀರಿಕೊಂಡಿತು. ಆ ಶ್ಲೋಕ ಮಾತ್ರ ಎರಡು ಶತಮಾನ ದಾಟಿ ನನ್ನ ಬಾಯಿಗೂ ಬಂತು.

ನನ್ನ ಆ ಉಪನ್ಯಾಸದ ಸಾರಾಂಶ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದೆ. ಗ್ರಂಥಾಲಯದ ಪ್ರತಿಯಲ್ಲಿ, ಗ್ರಂಥಪಾಲರ ಅಪ್ಪಣೆ ಪಡೆದು, ಆ ವಾಕ್ಯದ ಅಂಚಿಗೆ "ಇದು ತಪ್ಪು, ಆಧಾರವಿಲ್ಲ" ಎಂದು ಬರೆದು ತಾರೀಖು ಸಹಿತ ರುಜು ಹಾಕಿದ್ದೇನೆ. ಹಸ್ತಪ್ರತಿ ಎಲ್ಲಿದೆಯೆಂದು ಕೇಳಿದ ಹಿರಿಯರು ಅದನ್ನು ನೋಡಲು ಉಳಿದಿರಲಿಲ್ಲ.